ಮಡಿಸಿ ಬಿಚ್ಚುವ ಕ್ರಿಸ್‌ಮಸ್ ಕಾರ್ಡ್: ಹಾಳೆ ಕತ್ತರಿಸುವುದರಿಂದ ಅಂಚೆಗೆ ಹಾಕುವ ತನಕ

ನಾಲ್ಕು ಪುಟಗಳಾಗಿ ಬಿಚ್ಚಿಕೊಳ್ಳುವ ಕ್ರಿಸ್‌ಮಸ್ ಕಾರ್ಡ್ ಕೆಡುವುದು ಹೆಚ್ಚಾಗಿ ಮೂರು ರೀತಿಯಲ್ಲಿ. ಮುಖಪುಟ ಎಂದುಕೊಂಡು ಮಾಡಿದ್ದು ಹಿಂಬದಿಗೆ ಹೋಗಿರುತ್ತದೆ. ಮಡಿಸಿದಾಗ ಪುಟಗಳು ಸರಿಯಾಗಿ ಕೂರದೆ ಅಂಚು ಹೊರಗೆ ಚಾಚುತ್ತದೆ. ಇಲ್ಲವೇ ಕವರಿನಿಂದ ತೆಗೆಯುವ ಹೊತ್ತಿಗೆ ಒಂದು ಪುಟದ ಇಂಕು ಎದುರು ಪುಟಕ್ಕೆ ಮೆತ್ತಿರುತ್ತದೆ. ಚಿಕ್ಕಮಗಳೂರು, ಸಕಲೇಶಪುರ, ಹಾಸನದ ಸ್ನೇಹಿತರು ಪ್ರತಿ ಡಿಸೆಂಬರಿನಲ್ಲೂ ಇದನ್ನೇ ಹೇಳಿ ಬೇಜಾರು ಮಾಡಿಕೊಳ್ಳುತ್ತಾರೆ.

ಚಿತ್ರ ಒತ್ತಲು ಅವರು ರಬ್ಬರಿನಲ್ಲಿ ಕೊರೆದ ಅಚ್ಚುಗಳು ಚೆನ್ನಾಗಿಯೇ ಇರುತ್ತವೆ. ಕೆಟ್ಟಿರುವುದು ಕೆಲಸದ ಕ್ರಮ. ಬಹಳ ಜನ ಚಿತ್ರವನ್ನು ಮೊದಲು ಒತ್ತಿ, ಆಮೇಲೆ ಮಡಿಸಲು ಕೂರುತ್ತಾರೆ. ಈ ಕಾರ್ಡಿಗೆ ಅದು ಒಗ್ಗುವುದಿಲ್ಲ. ಮೊದಲು ಮಡಿಕೆ. ಆಮೇಲೆ ಒಳಮೈಯ ಅಚ್ಚು. ಅದು ಪೂರ್ತಿ ಒಣಗಿದ ಮೇಲೆ ಹೊರಮೈ. ಅಂಟು ಎಲ್ಲಕ್ಕಿಂತ ಕೊನೆಗೆ. ಈ ಕ್ರಮವನ್ನು ಬಿಡದೆ ಹಿಡಿದರೆ ಹತ್ತು ವರ್ಷದ ಮಗುವಿನ ಕಾರ್ಡೂ ಚೆಂದ ಬರುತ್ತದೆ.

ಕೆಲಸವನ್ನು ಮೂರು ನಾಲ್ಕು ದಿನಕ್ಕೆ ಹಂಚಿಕೊಳ್ಳಿ. ಒಂದೇ ಸಂಜೆಯಲ್ಲಿ ಮುಗಿಸಲು ಹೊರಟರೆ ಇಂಕು ಒಣಗಲು ಸಮಯ ಸಿಗುವುದಿಲ್ಲ.

ಹಂತ 1: ಹಾಳೆ ಮತ್ತು ಸಾಮಾನು

ಹಾಳೆ ಸರಿಯಿಲ್ಲದಿದ್ದರೆ ಮುಂದಿನದೆಲ್ಲ ಕಷ್ಟ. 200 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ಗ್ರಾಂ ತೂಕ) ದಪ್ಪದ, ಸ್ವಲ್ಪ ಒರಟು ಮೈಯಿರುವ ಬಿಳಿ ಡ್ರಾಯಿಂಗ್ ಶೀಟ್ ಕೇಳಿ. ಶಾಲೆಗೆ ತರುವ ತೆಳು ಚಾರ್ಟ್ ಬೇಡ, ಅದರಲ್ಲಿ ಸ್ಟಾಂಪ್ ಇಂಕು ಹಿಂದಕ್ಕೆ ಇಳಿಯುತ್ತದೆ. 300 ಜಿಎಸ್‌ಎಂ ಹಾಳೆ ಮಡಿಕೆಯಲ್ಲಿ ಬಿರಿಯುತ್ತದೆ. ನುಣುಪಾದ ಐವರಿ ಶೀಟ್ ನೋಡಲು ಚೆಂದ, ಆದರೆ ಇಂಕನ್ನು ಬೇಗ ಹೀರಿಕೊಳ್ಳುವುದಿಲ್ಲ. ಎದುರು ಪುಟಕ್ಕೆ ಇಂಕು ಮೆತ್ತುವ ದೂರಿನ ಹಿಂದೆ ಹೆಚ್ಚಾಗಿ ಈ ಐವರಿ ಶೀಟೇ ಇರುತ್ತದೆ.

ಕತ್ತರಿಸಿದ ಎ3 ಹಾಳೆಗಿಂತ 22x28 ಇಂಚಿನ ಫುಲ್ ಶೀಟ್ ವಾಸಿ. ಕಾರಣ, ಹಾಳೆಗೆ ಎಳೆ ಇರುತ್ತದೆ. ತಯಾರಾಗುವಾಗ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಮಡಿಕೆ ಆ ದಿಕ್ಕಿಗೆ ಸಮಾನಾಂತರವಾಗಿ ಬಂದರೆ ನೇರವಾಗಿ, ಮೆತ್ತಗೆ ಮಡಿಯುತ್ತದೆ. ಅಡ್ಡ ಬಂದರೆ ಅಂಚು ಸಿಪ್ಪೆ ಏಳುತ್ತದೆ. ಫುಲ್ ಶೀಟ್ ಇದ್ದರೆ ಯಾವ ಕಡೆಗೆ ಬೇಕೋ ಆ ಕಡೆಗೆ ಕತ್ತರಿಸಿಕೊಳ್ಳಬಹುದು. ಚಿಕ್ಕಮಗಳೂರಿನ ಎಂ.ಜಿ. ರಸ್ತೆ, ಐ.ಜಿ. ರಸ್ತೆ ಕಡೆ ಅಥವಾ ಹಾಸನದ ಬಿ.ಎಂ. ರಸ್ತೆ ಕಡೆ ಸ್ಟೇಷನರಿ ಅಂಗಡಿಗೆ ಹೋದಾಗ ಹಾಳೆಯನ್ನು ಸುರುಳಿ ಸುತ್ತಿಸಿಕೊಂಡು ತನ್ನಿ. ಮಡಚಿ ಕೊಡಲು ಬಿಡಬೇಡಿ. ಮನೆಗೆ ತಂದು ಒಂದು ರಾತ್ರಿ ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಇಡಿ.

ಉಳಿದ ಸಾಮಾನು ಸುಲಭ. ಸ್ಟೀಲ್ ಸ್ಕೇಲ್, ಕಟ್ಟರ್, ಪೆನ್ಸಿಲ್, ಇಂಕು ಮುಗಿದ ಬಾಲ್ ಪೆನ್ ರೀಫಿಲ್, ಗ್ಲೂ ಸ್ಟಿಕ್. ಅಚ್ಚಿಗೆ ಬಿಳಿ ಪ್ಲಾಸ್ಟಿಕ್ ರಬ್ಬರ್ ನಾಲ್ಕೈದು, ಬಟರ್ ಪೇಪರ್, ಪಾತ್ರೆ ತೊಳೆಯುವ ಹೊಸ ಸ್ಪಂಜಿನ ತುಂಡು. ಆಫೀಸಿನಲ್ಲಿ ಬಳಸುವ ಸ್ಟಾಂಪ್ ಪ್ಯಾಡ್ ಸಾಕು. ಹಸಿರು, ನೀಲಿ, ಕಪ್ಪು, ಕೆಂಪು ನಾಲ್ಕೂ ಇದ್ದರೆ ಬೇರೇನೂ ಬೇಡ. ತುದಿಯಲ್ಲಿ ರಬ್ಬರ್ ಇರುವ ಪೆನ್ಸಿಲ್ ಒಂದನ್ನು ತಪ್ಪದೆ ಕೊಳ್ಳಿ, ಅದರ ಕೆಲಸ ಮುಂದೆ ಬರುತ್ತದೆ. ಮಿನುಗು ಪುಡಿ ಬೇಡ. ಅದು ಕವರಿನಲ್ಲೆಲ್ಲ ಉದುರಿ ತಲುಪಿದವರ ಕೈಗೆ ಅಂಟುತ್ತದೆ.

ಹಂತ 2: ಮೊದಲು ಒಂದು ಕಚ್ಚಾ ಮಾದರಿ

ಇದನ್ನು ಬಿಟ್ಟವರೇ ಮುಖಪುಟವನ್ನು ಹಿಂದೆ ಹಾಕುವುದು. ಐದು ನಿಮಿಷದ ಕೆಲಸ, ದಯವಿಟ್ಟು ಮಾಡಿ.

ಹಳೇ ಕ್ಯಾಲೆಂಡರ್ ಹಾಳೆಯಿಂದ ಉದ್ದನೆಯ ಪಟ್ಟಿ ಕತ್ತರಿಸಿ. ನಾಲ್ಕು ಸಮ ಭಾಗ ಮಾಡಿ. ಮೇಲೆ ಕಾಣುವ ಬದಿಗೆ ‘ಒಳಮೈ’ ಎಂದು ಬರೆದು, ಎಡದಿಂದ ಬಲಕ್ಕೆ 1, 2, 3, 4 ಎಂದು ಪುಟಗಳಿಗೆ ಅಂಕಿ ಹಾಕಿ. ಈಗ 1 ಮತ್ತು 2ರ ನಡುವಿನ ಮಡಿಕೆಯನ್ನು ಒಳಕ್ಕೆ ತಗ್ಗಾಗಿ ಮಡಿಸಿ, ಪುಸ್ತಕ ಮುಚ್ಚುವ ಹಾಗೆ. 2 ಮತ್ತು 3ರ ನಡುವಿನದು ಉಬ್ಬು ಮಡಿಕೆ, ನಿಮ್ಮ ಕಡೆಗೆ ಏರಿ ಬರಬೇಕು. 3 ಮತ್ತು 4ರ ನಡುವಿನದು ಮತ್ತೆ ತಗ್ಗು.

ಮುಚ್ಚಿ ನೋಡಿ. ಎಲ್ಲಕ್ಕಿಂತ ಮೇಲೆ ಬಂದಿರುವುದು 1ನೇ ಪುಟದ ಬೆನ್ನು. ಅದೇ ಮುಖಪುಟ. ಅಲ್ಲಿ ‘ಮುಖ’ ಎಂದು ಬರೆಯಿರಿ. ಕೆಳಗಿರುವುದು 4ನೇ ಪುಟದ ಬೆನ್ನು, ಅಲ್ಲಿ ‘ಹಿಂಬದಿ’ ಎಂದು ಬರೆಯಿರಿ. ಈಗ ಪೂರ್ತಿ ಬಿಚ್ಚಿ, ಪುಟ ತಿರುವುವ ಹಾಗೆ ಪಕ್ಕಕ್ಕೆ ಮಗುಚಿ. ‘ಮುಖ’ ಎನ್ನುವುದು ಬಲತುದಿಯಲ್ಲಿದೆ, ಅಲ್ವಾ? ಎಡವುವುದು ಇಲ್ಲೇ. ಹಾಳೆಯನ್ನು ಮಗುಚಿದ ಕೂಡಲೇ ಕೈ ತಾನಾಗಿ ಎಡತುದಿಗೆ ಹೋಗುತ್ತದೆ. ಅಲ್ಲಿ ಒತ್ತಿದ್ದು ಹಿಂಬದಿಯಾಗುತ್ತದೆ.

ಇನ್ನೊಂದು ವಿಷಯ. ಮಗುಚುವಾಗ ಯಾವಾಗಲೂ ಪಕ್ಕಕ್ಕೇ ಮಗುಚಿ. ಮೇಲಿನಿಂದ ಕೆಳಕ್ಕೆ ಮಗುಚಿದರೆ ಹೊರಮೈಯ ಚಿತ್ರ ತಲೆಕೆಳಗಾಗುತ್ತದೆ. ಈ ಮಾದರಿಯನ್ನು ಎಸೆಯಬೇಡಿ. ಕೆಲಸ ಮುಗಿಯುವ ತನಕ ಮೇಜಿನ ಮೇಲೆ ಕಣ್ಣಿಗೆ ಕಾಣುವ ಹಾಗೆ ಇರಲಿ.

ಹಂತ 3: ಅಳತೆ, ಗೀರು, ಮಡಿಕೆ

ಪ್ರತಿ ಪುಟ 105 ಮಿ.ಮೀ. ಅಗಲ, 148 ಮಿ.ಮೀ. ಎತ್ತರ. ಅಂದರೆ ಒಟ್ಟು ಪಟ್ಟಿ 420 ಮಿ.ಮೀ. ಉದ್ದ. ಆದರೆ ಕತ್ತರಿಸುವಾಗ 425 ಇಡಿ. ಆ 5 ಮಿ.ಮೀ.ಯನ್ನು ಕೊನೆಯಲ್ಲಿ ತೆಗೆಯುತ್ತೇವೆ.

ಕತ್ತರಿಸುವ ಮುನ್ನ ಎಳೆ ನೋಡಿ. ಹಾಳೆಯ ಎದುರುಬದುರು ಅಂಚುಗಳನ್ನು ಹತ್ತಿರ ತಂದು ಮಡಿಯದ ಹಾಗೆ ಮೆಲ್ಲಗೆ ಬಾಗಿಸಿ. ಇನ್ನೊಂದು ಜೋಡಿ ಅಂಚಿಗೂ ಹಾಗೇ ಮಾಡಿ. ಒಂದು ಕಡೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆ ಕೈಗೆ ಬಿಗಿ ಸಿಗುತ್ತದೆ. ಸಲೀಸಾಗಿ ಬಾಗಿದಾಗ ಹಾಳೆಯಿಂದಾದ ಕೊಳವೆ ಯಾವ ದಿಕ್ಕಿಗೆ ಮಲಗಿತ್ತೋ ಅದೇ ಎಳೆಯ ದಿಕ್ಕು. ನಿಮ್ಮ ಪಟ್ಟಿಯ 148 ಮಿ.ಮೀ. ಬದಿ ಆ ದಿಕ್ಕಿಗೆ ಬರಬೇಕು. ಎಳೆಯ ದಿಕ್ಕು ನೋಡಿಕೊಂಡು ಒಂದು ಫುಲ್ ಶೀಟಿನಲ್ಲಿ 3 ಅಥವಾ 4 ಪಟ್ಟಿ ಸಿಗುತ್ತವೆ. ಉಳಿದ ತುಂಡುಗಳನ್ನು ಅಚ್ಚು ಪರೀಕ್ಷೆಗೆ ಎತ್ತಿಡಿ, ಬಹಳ ಬೇಕಾಗುತ್ತವೆ.

ಕಟ್ಟರಿಗೆ ಹೊಸ ಬ್ಲೇಡ್ ಹಾಕಿ. ಒಂದೇ ಸಲಕ್ಕೆ ಒತ್ತಿ ಕತ್ತರಿಸಬೇಡಿ. ಹಗುರವಾಗಿ ಎರಡು ಮೂರು ಸಲ ಎಳೆಯಿರಿ. ಸ್ಕೇಲ್ ಹಿಡಿದ ಬೆರಳುಗಳು ಅಂಚಿನಿಂದ ಹಿಂದೆ ಇರಲಿ. ಮಕ್ಕಳಿದ್ದರೆ ಈ ಕೆಲಸ ದೊಡ್ಡವರದು.

ಈಗ ಗುರುತು. ಎಡ ಅಂಚಿನಿಂದ 105, 210, 315 ಮಿ.ಮೀ.ಗೆ, ಮೇಲೂ ಕೆಳಗೂ, ಅಂಚಿನ ಮೇಲೆ ಪೆನ್ಸಿಲ್ಲಿನ ಚಿಕ್ಕ ಚುಕ್ಕಿ. ಮೂರೂ ಅಳತೆಯನ್ನು ಒಂದೇ ತುದಿಯಿಂದ ತೆಗೆದುಕೊಳ್ಳಿ. 105 ಗುರುತಿಸಿ, ಸ್ಕೇಲನ್ನು ಅಲ್ಲಿಗೆ ಸರಿಸಿ ಮತ್ತೆ 105 ಎಂದು ಅಳೆಯುತ್ತಾ ಹೋದರೆ, ಪ್ರತಿ ಸಲವೂ ಅರ್ಧರ್ಧ ಮಿ.ಮೀ. ತಪ್ಪು ಸೇರಿಕೊಂಡು ಕೊನೆಯ ಪುಟ ಓರೆಯಾಗುತ್ತದೆ. ಅಂಚು ಹೊರಗೆ ಚಾಚಲು ಇದೇ ದೊಡ್ಡ ಕಾರಣ.

ಗೀರು ಹಾಕದೆ ಮಡಿಸಬೇಡಿ. ಪಟ್ಟಿಯ ಕೆಳಗೆ ನಾಲ್ಕೈದು ಪದರ ನ್ಯೂಸ್‌ಪೇಪರ್, ಅದರ ಮೇಲೆ ಒಂದು ಬಿಳಿ ಹಾಳೆ ಹಾಕಿ. ಸ್ಕೇಲ್ ಒತ್ತಿ ಹಿಡಿದು, ಖಾಲಿ ರೀಫಿಲ್ ತುದಿಯಿಂದ ಮೇಲಿನಿಂದ ಕೆಳಗೆ ಎರಡು ಸಲ ಗೀರಿ. ರೀಫಿಲ್ ನಿಜಕ್ಕೂ ಖಾಲಿಯಾಗಿದೆಯೇ ಎಂದು ಬೇರೆ ಹಾಳೆಯ ಮೇಲೆ ಮೊದಲೇ ನೋಡಿ. ಕಾರ್ಡಿನ ನಡುವೆ ನೀಲಿ ಗೆರೆ ಬಿದ್ದರೆ ಹೋಗುವುದಿಲ್ಲ.

ಯಾವ ಬದಿಗೆ ಗೀರಬೇಕು? ಬಹಳ ಜನ ಗೀರಿದ ಕಡೆಗೇ ಮಡಿಸುತ್ತಾರೆ. ಅದು ತಿರುಗುಮುರುಗು. ಗೀರಿದಾಗ ಹಾಳೆಯ ಹಿಂದೆ ಸಣ್ಣ ಏಣು ಏಳುತ್ತದೆ. ಆ ಏಣು ಮಡಿಕೆಯ ಒಳಗೆ ಹೋಗಬೇಕು, ಗೀರು ಹೊರಗೆ ಉಳಿಯಬೇಕು. ಆಗ ಮಡಿಕೆಯ ಹೊರಬದಿಯ ನಾರು ಹರಿಯುವುದಿಲ್ಲ. ಹಾಗಾಗಿ 2 ಮತ್ತು 3ರ ನಡುವಿನ ಉಬ್ಬು ಮಡಿಕೆಗೆ ಒಳಮೈಯ ಮೇಲೆ ಗೀರಿ. ಉಳಿದ ಎರಡು ತಗ್ಗು ಮಡಿಕೆಗೆ ಪಟ್ಟಿಯನ್ನು ಮಗುಚಿ ಹೊರಮೈಯ ಮೇಲೆ ಗೀರಿ. ಅಂಚಿನ ಮೇಲೆ ಚುಕ್ಕಿ ಹಾಕಲು ಹೇಳಿದ್ದು ಇದಕ್ಕೇ, ಎರಡೂ ಕಡೆಯಿಂದ ಕಾಣುತ್ತದೆ.

ಮಡಿಸಿದ ಮೇಲೆ ಒಂದು ತುಂಡು ಹಾಳೆಯನ್ನು ಮಡಿಕೆಯ ಮೇಲಿಟ್ಟು ಚಮಚದ ಬೆನ್ನಿನಿಂದ ತೀಡಿ. ನೇರವಾಗಿ ತೀಡಿದರೆ ಹಾಳೆ ಹೊಳಪು ಹೊಡೆಯುತ್ತದೆ. ಪೂರ್ತಿ ಮುಚ್ಚಿದಾಗ 4ನೇ ಪುಟ 5 ಮಿ.ಮೀ.ಯಷ್ಟು ಹೊರಗೆ ಚಾಚಿರುತ್ತದೆ. ಅದನ್ನು ಉಳಿದ ಪುಟಗಳ ಅಂಚಿಗೆ ಸರಿಯಾಗಿ ಕತ್ತರಿಸಿ. ಆಮೇಲೆ ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಿ. ಇಲ್ಲಿಗೆ ಮೊದಲ ದಿನದ ಕೆಲಸ ಮುಗಿಯಿತು.

ಹಂತ 4: ಅಚ್ಚು ಮಾಡುವುದು

ಚಿತ್ರಗಳನ್ನು ಕಡಿಮೆ ಇಟ್ಟುಕೊಳ್ಳಿ. ನಕ್ಷತ್ರ, ಸಿಲ್ವರ್ ಓಕ್ ಮರ, ನಡೆದು ಹೋಗುವ ಒಬ್ಬ ಮನುಷ್ಯ, ಗೋದಲಿಯ ಗುಡಿಸಲು. ಈ ನಾಲ್ಕು ಅಚ್ಚಿನಲ್ಲಿ ಇಡೀ ಕಾರ್ಡ್ ಆಗುತ್ತದೆ. ಒಂದೇ ಮನುಷ್ಯನ ಅಚ್ಚನ್ನು ಮೂರು ಸಲ ಸ್ವಲ್ಪ ಮೇಲೆ ಕೆಳಗೆ ಒತ್ತಿದರೆ ಶಿಶು ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳು. ಕಿರೀಟ, ಕೋಲುಗಳನ್ನು ಆಮೇಲೆ ಪೆನ್ನಿನಲ್ಲಿ ಸೇರಿಸಿ. ಒಂಟೆ ಕೊರೆಯಲು ಹೋಗಬೇಡಿ, ಕಾಲುಗಳು ತುಂಡಾಗುತ್ತವೆ.

ಬಟರ್ ಪೇಪರಿನ ಮೇಲೆ ಮೆತ್ತನೆಯ ಪೆನ್ಸಿಲಿನಲ್ಲಿ ಚಿತ್ರ ಬರೆಯಿರಿ. ಅದನ್ನು ಮಗುಚಿ ರಬ್ಬರಿನ ಮೇಲಿಟ್ಟು ಉಗುರಿನಿಂದ ಉಜ್ಜಿ. ಚಿತ್ರ ತಿರುಗುಮುರುಗಾಗಿ ರಬ್ಬರಿಗೆ ಇಳಿಯುತ್ತದೆ. ಒತ್ತಿದಾಗ ಮತ್ತೆ ನೇರವಾಗುತ್ತದೆ. ನೇರವಾಗಿ ರಬ್ಬರಿನ ಮೇಲೇ ಬರೆದರೆ ಅಕ್ಷರವೆಲ್ಲ ಉಲ್ಟಾ ಬರುತ್ತದೆ. ಅಕ್ಷರದ ಮಾತು ಬಂದದ್ದಕ್ಕೆ ಹೇಳುತ್ತೇನೆ, ಕನ್ನಡದ ಒತ್ತಕ್ಷರಗಳನ್ನು ರಬ್ಬರಿನಲ್ಲಿ ಕೊರೆಯುವ ಸಾಹಸ ಬೇಡ. ಬರಹ ಕೈಯಲ್ಲೇ ಇರಲಿ.

ಕೊರೆಯುವಾಗ ಬ್ಲೇಡಿನ ತುದಿ ಚಿತ್ರದಿಂದ ಹೊರಕ್ಕೆ ವಾಲಿರಬೇಕು. ಆಗ ಚಿತ್ರದ ಬುಡ ಅಗಲವಾಗಿ, ತಲೆ ಕಿರಿದಾಗಿ ಉಳಿಯುತ್ತದೆ. ಒಳಕ್ಕೆ ವಾಲಿಸಿದರೆ ಬುಡವೇ ಕತ್ತರಿಸಿ ಹೋಗಿ, ನಾಲ್ಕು ಸಲ ಒತ್ತುವಷ್ಟರಲ್ಲಿ ನಕ್ಷತ್ರದ ಮೂಲೆ ಮುರಿಯುತ್ತದೆ. ಆಳ 2-3 ಮಿ.ಮೀ. ಸಾಕು. ಕೊರೆದ ಮೇಲೆ ಅಚ್ಚಿನ ಬೆನ್ನಿಗೆ ‘ಮೇಲೆ’ ಎಂದು ಬಾಣದ ಗುರುತು ಹಾಕಿ. ಮಾಡುವಾಗ ಇದು ಅನಗತ್ಯ ಅನ್ನಿಸುತ್ತದೆ, ಗುಡಿಸಲನ್ನು ತಲೆಕೆಳಗಾಗಿ ಒತ್ತಿದ ಮೇಲೆ ಅಲ್ಲ.

ಹೊಸ ರಬ್ಬರಿನ ಮೈ ಜಾರುತ್ತದೆ. ಇಂಕು ಹನಿಹನಿಯಾಗಿ ನಿಂತು ಚಿತ್ರದಲ್ಲಿ ಬಿಳಿ ಚುಕ್ಕಿ ಬೀಳುತ್ತದೆ. ಸೋಪಿನಲ್ಲಿ ತೊಳೆದು ಒರೆಸಿ, ನಯವಾದ ಉಪ್ಪು ಕಾಗದದ ಮೇಲೆ ಒಂದೆರಡು ಸಲ ಹಗುರವಾಗಿ ತೀಡಿ. ಇಂಕು ಹಿಡಿಯುತ್ತದೆ. ಅಚ್ಚುಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಗೇ ಹಾಕಿಡಬೇಡಿ. ಈ ರಬ್ಬರ್ ಕಾಲಕ್ರಮೇಣ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಹಾಳೆಯಲ್ಲಿ ಸುತ್ತಿಡಿ.

ಮಕ್ಕಳ ಕೈಗೆ ಬ್ಲೇಡ್ ಕೊಡುವುದು ಬೇಡ. ಅವರಿಗೆ ತೋಟದ ಅಚ್ಚುಗಳಿವೆ. ಧಾರೆಹುಳಿ, ಕೆಲವರು ಕಮರಾಕ್ಷಿ ಎನ್ನುವ ಹಣ್ಣು, ಅಡ್ಡಕ್ಕೆ ಕತ್ತರಿಸಿದರೆ ಐದು ಮೂಲೆಯ ನಕ್ಷತ್ರವೇ ಸಿಗುತ್ತದೆ. ಮುಖಪುಟಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಸಿಗದಿದ್ದರೆ ಬೆಂಡೆಕಾಯಿ, ಅದು ಹೂವಿನಂತೆ ಮೂಡುತ್ತದೆ. ಎರಡರಲ್ಲೂ ರಸ ಜಾಸ್ತಿ. ಕತ್ತರಿಸಿದ ಮೈಯನ್ನು ಬಟ್ಟೆಯಿಂದ ಒರೆಸಿ ಅರ್ಧ ಗಂಟೆ ಗಾಳಿಗೆ ಬಿಡದಿದ್ದರೆ ಇಂಕು ಹರಡಿ ಕಲೆಯಾಗುತ್ತದೆ.

ಮಲೆನಾಡಿನಲ್ಲಿ ಇರುವವರಿಗೆ ಇನ್ನೊಂದು ಅನುಕೂಲ, ಜರಿಗಿಡ. ಅದರ ಎಲೆಯ ತುದಿಯ ನಾಲ್ಕು ಇಂಚು ಅಚ್ಚುಕಟ್ಟಾದ ಕ್ರಿಸ್‌ಮಸ್ ಮರ. ಎಲೆಯನ್ನು ಒಂದು ದಿನ ಪುಸ್ತಕದಲ್ಲಿಟ್ಟು ಚಪ್ಪಟೆ ಮಾಡಿ. ಹಿಂಬದಿಗೆ ಸ್ಪಂಜಿನಿಂದ ಹಸಿರು ಇಂಕು ತಟ್ಟಿ, ಹಾಳೆಯ ಮೇಲೆ ಮಲಗಿಸಿ, ಮೇಲೊಂದು ತುಂಡು ಹಾಳೆ ಮುಚ್ಚಿ ಬೆರಳಿನಿಂದ ಸವರಿ. ಎಲೆ ಅಲುಗಿದರೆ ಎರಡೆರಡು ಗೆರೆ ಬೀಳುತ್ತದೆ, ಹಾಗಾಗಿ ಒಂದು ಕೈಯಿಂದ ತೊಟ್ಟು ಹಿಡಿದೇ ಇರಿ.

ಹಂತ 5: ಒಳಮೈಯ ಚಿತ್ರ

ಇಲ್ಲಿ ಆತುರ ಬೇಡ, ಕಾರ್ಡಿನ ಜೀವ ಇರುವುದು ಇಲ್ಲೇ.

ಮೊದಲು ಹೊತ್ತು ನೋಡಿ ಕೆಲಸಕ್ಕೆ ಕೂರಿ. ನಮ್ಮ ಕಡೆ ಡಿಸೆಂಬರಿನ ಬೆಳಗ್ಗೆ ಇಬ್ಬನಿ, ಮಂಜು. ಹಾಳೆ ತೇವ ಹೀರಿ ಮೆತ್ತಗಾಗಿರುತ್ತದೆ, ಇಂಕು ಬೇಗ ಒಣಗುವುದಿಲ್ಲ. ಕಾಫಿ ಒಣಗಿಸುವವರು ಸಂಜೆಯಾದ ಕೂಡಲೇ ಕಣದಲ್ಲಿ ಹರಡಿದ್ದನ್ನು ಗುಡ್ಡೆ ಮಾಡಿ ಮುಚ್ಚುತ್ತಾರಲ್ಲ, ಈ ಹಾಳೆಗೂ ಅದೇ ಲೆಕ್ಕ. ಬೆಳಗ್ಗೆ 11ರಿಂದ ಮಧ್ಯಾಹ್ನ 3ರ ತನಕ ಅಚ್ಚು ಒತ್ತಿ. ಸಂಜೆಗೆ ಎಲ್ಲವನ್ನೂ ಒಳಗಿನ ಕೋಣೆಗೆ ತನ್ನಿ.

ಪಟ್ಟಿಯನ್ನು ಪೂರ್ತಿ ಬಿಚ್ಚಿ, ಒಳಮೈ ಮೇಲೆ ಬರುವಂತೆ ಹರಡಿ, ನಾಲ್ಕು ಮೂಲೆಗೂ ಭಾರ ಇಡಿ. ಗಟ್ಟಿ ಮೇಜಾದರೆ ಕೆಳಗೆ ಕೆಲವು ಪದರ ಹಾಳೆ ಇರಲಿ. ಸ್ವಲ್ಪ ಮೆತ್ತೆ ಇದ್ದರೆ ಅಚ್ಚು ಎಲ್ಲ ಕಡೆ ಸಮನಾಗಿ ಕೂರುತ್ತದೆ.

ಹೇಗೆ ಬಿಚ್ಚಿಕೊಳ್ಳುತ್ತದೆ ಎಂದು ಯೋಚಿಸಿ ಚಿತ್ರ ಹಂಚಿ. ಕಾರ್ಡ್ ತೆರೆದವರಿಗೆ ಮೊದಲು 1 ಮತ್ತು 2 ಮಾತ್ರ ಕಾಣುತ್ತವೆ. ಬಲಕ್ಕೆ ಎಳೆದಾಗ 3 ಮತ್ತು 4 ಹೊರಗೆ ಬರುತ್ತವೆ. ಅಂದ ಮೇಲೆ ಗೋದಲಿಯನ್ನು 4ನೇ ಪುಟಕ್ಕೆ ಬಚ್ಚಿಡಿ. 1ರಲ್ಲಿ ಗುಡ್ಡ ಮತ್ತು ಮರ, 2ರಲ್ಲಿ ಕುರಿ ಕಾಯುವವರು, 3ರಲ್ಲಿ ಜ್ಞಾನಿಗಳು. ಎಲ್ಲರೂ ಬಲಕ್ಕೆ ನಡೆಯುತ್ತಿರಲಿ. ನೋಡುವವರ ಕಣ್ಣೂ ಅವರ ಜೊತೆ ನಡೆಯುತ್ತದೆ.

ಗುಡ್ಡಗಳಿಗೆ ಅಚ್ಚು ಬೇಡ. ಕ್ಯಾಲೆಂಡರ್ ಹಾಳೆಯನ್ನು ಉದ್ದಕ್ಕೆ ಏರಿಳಿತವಾಗಿ ಕೈಯಿಂದ ಹರಿಯಿರಿ. ಮೇಲಿನ ತುಂಡನ್ನು ಪಟ್ಟಿಯ ಮೇಲಿಟ್ಟು ಆಕಾಶವನ್ನು ಮುಚ್ಚಿ. ಹರಿದ ಅಂಚು ಬುಡದಿಂದ ಸುಮಾರು 100 ಮಿ.ಮೀ. ಎತ್ತರದಲ್ಲಿರಲಿ. ಸ್ಪಂಜಿಗೆ ನೀಲಿ ಇಂಕು ತಾಗಿಸಿ, ಮೊದಲು ಬೇರೆ ಹಾಳೆಯ ಮೇಲೆ ತಟ್ಟಿ ಜಾಸ್ತಿ ಇಂಕು ಕಳೆದು, ಆಮೇಲೆ ಹರಿದ ಅಂಚಿನ ಉದ್ದಕ್ಕೂ ಕೆಳಮುಖವಾಗಿ ತಟ್ಟುತ್ತಾ ಬನ್ನಿ. ಗೆರೆಯ ಬಳಿ ಗಾಢ, ಕೆಳಗೆ ಹೋದಂತೆ ಏನೂ ಇಲ್ಲ. ಆ ಖಾಲಿ ಜಾಗವೇ ಮಂಜಾಗುತ್ತದೆ. ಈಗ ಹಾಳೆಯನ್ನು ಸ್ವಲ್ಪ ಪಕ್ಕಕ್ಕೂ ಸರಿಸಿ, 75 ಮಿ.ಮೀ.ಗೆ ಇಳಿಸಿ, ನೀಲಿಯ ಜೊತೆ ಹಸಿರು. ಆಮೇಲೆ 45 ಮಿ.ಮೀ.ಗೆ ಇಳಿಸಿ, ಬರೀ ಹಸಿರು, ಇನ್ನೂ ಗಾಢ. ದೂರದ ತಿಳಿ ಗುಡ್ಡ ಮೊದಲು, ಹತ್ತಿರದ ಗಾಢ ಗುಡ್ಡ ಕೊನೆಗೆ. ಉಲ್ಟಾ ಮಾಡಿದರೆ ದೂರದ ಗುಡ್ಡ ಹತ್ತಿರದ್ದರ ಮುಂದೆ ಬಂದು ನಿಲ್ಲುತ್ತದೆ.

ಬಾಬಾಬುಡನ್ ಗಿರಿ ಸಾಲನ್ನು ಡಿಸೆಂಬರಿನ ಬೆಳಗ್ಗೆ ನೋಡಿದವರಿಗೆ ಈ ಮೂರು ಪದರ ಗುರುತು ಹತ್ತುತ್ತದೆ. ನಮ್ಮ ಊರಿನ ಕಾರ್ಡಿನಲ್ಲಿ ಹಿಮ ಬಿಡಿಸುವುದಕ್ಕಿಂತ ಈ ಮಂಜೇ ಚೆಂದ ಎಂದು ನನಗೆ ಅನ್ನಿಸುತ್ತದೆ. ಬಿಳಿ ಬಣ್ಣದ ಖರ್ಚೂ ಇಲ್ಲ.

ಅರ್ಧ ಗಂಟೆ ಬಿಟ್ಟು ಅಚ್ಚುಗಳಿಗೆ ಬನ್ನಿ. ಅಚ್ಚನ್ನು ಪ್ಯಾಡಿನ ಮೇಲೆ ಎರಡು ಮೂರು ಸಲ ತಟ್ಟಿ, ಅದುಮಬೇಡಿ. ಅದುಮಿದರೆ ಕೊರೆದ ತಗ್ಗಿಗೂ ಇಂಕು ತುಂಬಿ ಚಿತ್ರದ ಸುತ್ತ ಕಲೆ ಬೀಳುತ್ತದೆ. ಪ್ರತಿ ಅಚ್ಚನ್ನೂ ಮೊದಲು ತುಂಡು ಹಾಳೆಯ ಮೇಲೆ ಒತ್ತಿ ನೋಡಿ. ಕಾರ್ಡಿನ ಮೇಲೆ ಇಟ್ಟ ಮೇಲೆ ಅಲ್ಲಾಡಿಸದೆ ನೇರ ಒತ್ತಿ, ನೇರ ಎತ್ತಿ.

ಸಿಲ್ವರ್ ಓಕ್ ಸಾಲಿಗೆ ಒಂದು ಉಪಾಯ ಇದೆ. ಇಂಕು ತಾಗಿಸಿ ಒಂದು ಮರ ಒತ್ತಿ. ಮತ್ತೆ ಇಂಕು ತಾಗಿಸದೆ, ಸ್ವಲ್ಪ ಮೇಲಕ್ಕೆ, ಇನ್ನೊಂದು. ಅದು ಅರ್ಧ ಮಾಸಿದಂತೆ ಬರುತ್ತದೆ. ಮೂರನೆಯದು ಇನ್ನೂ ತಿಳಿ. ಮಂಜಿನೊಳಗೆ ಹಿಂದೆ ಹಿಂದೆ ಸರಿದ ಮರಗಳಂತೆ ಕಾಣುತ್ತದೆ.

ಮಡಿಕೆಯಿಂದ ಎರಡೂ ಕಡೆ 5 ಮಿ.ಮೀ. ಜಾಗದಲ್ಲಿ ಯಾವ ಅಚ್ಚೂ ಬೇಡ. ಮಡಿಕೆಯ ಮೇಲೆ ಬಿದ್ದ ಚಿತ್ರ ಅಲ್ಲಿ ತುಂಡಾಗುತ್ತದೆ, ತೆರೆದು ಮುಚ್ಚುವಾಗ ಇಂಕೂ ಸವೆಯುತ್ತದೆ. ಸ್ಪಂಜಿನ ಗುಡ್ಡ ಮಾತ್ರ ಮಡಿಕೆ ದಾಟಿ ಹೋಗಬಹುದು, ಹೋಗಲೇಬೇಕು.

ಹಾಸನದ ಕಡೆಯವರು ಗುಡಿಸಲಿನ ಬದಲು ಶೆಟ್ಟಿಹಳ್ಳಿ ಚರ್ಚಿನ ಕಮಾನು ಪ್ರಯತ್ನಿಸಬಹುದು. ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಆ ಗೋಡೆಗಳ ಚೂಪು ತುದಿಯ ಕಮಾನು ರಬ್ಬರಿನಲ್ಲಿ ಸುಲಭವಾಗಿ ಬರುತ್ತದೆ. ಒಂದೇ ಕಮಾನು ಕೊರೆದು ಸಾಲಾಗಿ ಮೂರು ಒತ್ತಿ, ನಡುವಿನದರೊಳಗೆ ಗೋದಲಿ ಇಡಿ.

ಕೊನೆಗೆ ಪೆನ್ಸಿಲ್ ತುದಿಯ ರಬ್ಬರ್. ಅದನ್ನು ಕೆಂಪು ಪ್ಯಾಡಿಗೆ ತಾಗಿಸಿ ಒತ್ತಿದರೆ ಉರುಟಾದ ಕಾಫಿ ಹಣ್ಣು. 1ನೇ ಪುಟದ ಬುಡದಲ್ಲಿ ಪೆನ್ನಿನಿಂದ ಎರಡು ರೆಂಬೆ ಎಳೆದು, ಎದುರುಬದುರಾಗಿ ಎಲೆ ಬರೆದು, ಎಲೆಯ ಬುಡದಲ್ಲಿ ಗೊಂಚಲು ಗೊಂಚಲಾಗಿ ಹಣ್ಣು ಇಡಿ. ಅರೇಬಿಕಾ ಹಣ್ಣು ಕುಯ್ಯುವ ಕಾಲವೂ ಇದೇ ತಾನೇ. ಕೆಂಪು ಯಾವಾಗಲೂ ಕೊನೆಗೇ ಬರಲಿ. ಕೈ ತಾಗಿ ಹರಡಿದರೆ ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಹೊಡೆಯುವುದು ಕೆಂಪೇ.

ಹಂತ 6: ಒಣಗಿಸುವುದು

ಇದೂ ಒಂದು ಹಂತ, ಸುಮ್ನೆ ಕಾಯುವುದಲ್ಲ. ಒಳಮೈಯ ಚಿತ್ರ ಮುಗಿದ ಮೇಲೆ ಕಾರ್ಡನ್ನು ಬಿಚ್ಚಿದ ಹಾಗೆಯೇ, ಗಾಳಿಯಾಡುವ ನೆರಳಿನಲ್ಲಿ, ಒಂದು ಪೂರ್ತಿ ದಿನ ಬಿಡಿ. ನೇರ ಬಿಸಿಲಿಗೆ ಇಟ್ಟರೆ ಹಾಳೆ ಸುರುಳಿಯಾಗುತ್ತದೆ. ಆಫೀಸಿನ ಸ್ಟಾಂಪ್ ಇಂಕು ಪ್ಯಾಡಿನಲ್ಲಿ ಒಣಗದೆ ಇರಲೆಂದೇ ತಯಾರಾದದ್ದು, ಹಾಗಾಗಿ ನಿಧಾನ.

ಒಣಗಿದೆಯೇ ಎಂದು ಬೆರಳಿನಿಂದ ನೋಡಬೇಡಿ. ಬಿಳಿ ಟಿಶ್ಯೂವನ್ನು ಅತಿ ಗಾಢವಾಗಿ ಒತ್ತಿದ ಜಾಗದ ಮೇಲಿಟ್ಟು ಹಗುರವಾಗಿ ಅದುಮಿ. ಬಣ್ಣ ಹತ್ತಿದರೆ ಇನ್ನೂ ಅರ್ಧ ದಿನ ಬೇಕು. ಮಡಿಸಿದಾಗ 1 ಮತ್ತು 2 ಮುಖಾಮುಖಿ, 3 ಮತ್ತು 4 ಮುಖಾಮುಖಿ. 1ನೇ ಪುಟದ ಕೆಂಪು ಹಣ್ಣು ಹಸಿಯಿದ್ದರೆ 2ನೇ ಪುಟದ ಕುರಿಗಳ ಮೇಲೆ ಹೋಗಿ ಕೂರುತ್ತದೆ. ಒಣಗಿದ ಮೇಲೂ ಮೊದಲ ಸಲ ಮಡಿಸುವಾಗ ಆ ಎರಡು ಜಾಗದಲ್ಲಿ ತೆಳುವಾದ ಬಿಳಿ ಹಾಳೆ ಇಡಿ, ಅಂಚೆಗೆ ಹಾಕುವ ಹೊತ್ತಿಗೆ ತೆಗೆಯಿರಿ.

ಹಂತ 7: ಹೊರಮೈ

ಶುದ್ಧ ಹಾಳೆ ಹಾಸಿ, ಕಾರ್ಡನ್ನು ಪಕ್ಕಕ್ಕೆ ಮಗುಚಿ. ಕಚ್ಚಾ ಮಾದರಿಯನ್ನು ಪಕ್ಕದಲ್ಲಿ ಹಾಗೇ ಮಗುಚಿ ಇಟ್ಟುಕೊಳ್ಳಿ. ಬಲತುದಿ ಮುಖಪುಟ. ಒಂದು ದೊಡ್ಡ ನಕ್ಷತ್ರ ಸಾಕು. ಮುಖಪುಟ ತುಂಬಿಸಿದರೆ ಒಳಗಿನ ಗುಟ್ಟು ಹೊರಗೇ ಮುಗಿದುಹೋಗುತ್ತದೆ.

ನಡುವಿನ ಎರಡು ಪುಟಗಳ ಬೆನ್ನು ಖಾಲಿ ಉಳಿಯುತ್ತದೆ. ನಿಮ್ಮ ಪತ್ರ ಅಲ್ಲಿ ಬರೆಯಿರಿ. ಬಾಲ್ ಪೆನ್ ಆದರೆ ಕೈ ಹಗುರ ಇರಲಿ, ಒತ್ತಿ ಬರೆದರೆ ಒಳಮೈಯಲ್ಲಿ ಉಬ್ಬು ಕಾಣುತ್ತದೆ. ಸಿಡಿ ಮಾರ್ಕರ್ ಬೇಡ, ಹಿಂದಕ್ಕೆ ಇಳಿಯುತ್ತದೆ.

‘ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು’ ಎಂದು ಮುಖಪುಟದಲ್ಲಿ ಬೇಕಿದ್ದರೆ 80x30 ಮಿ.ಮೀ.ನ ಬೇರೆ ಚೀಟಿಯಲ್ಲಿ ಬರೆದು ಅಂಟಿಸಿ. ಅಷ್ಟೆಲ್ಲ ಕೆಲಸ ಮಾಡಿದ ಕಾರ್ಡಿನ ಮೇಲೆ ನೇರ ಬರೆಯಲು ಹೋಗಿ ಒಂದು ಅಕ್ಷರ ತಪ್ಪಿದರೆ ಎಷ್ಟು ಸಂಕಟ ಹೇಳಿ. ಅಂಟಿಸಲು ಗ್ಲೂ ಸ್ಟಿಕ್ ಬಳಸಿ. ಫೆವಿಕಾಲಿನಲ್ಲಿ ನೀರಿನಂಶ ಇರುವುದರಿಂದ ಹಾಳೆ ಅಲೆ ಅಲೆಯಾಗುತ್ತದೆ.

ಹೀಗಾಗಿದ್ದರೆ ಎಲ್ಲಿ ತಪ್ಪಿತು

ಮಡಿಕೆಯಲ್ಲಿ ಬಿಳಿ ಸಿಪ್ಪೆ ಎದ್ದಿದ್ದರೆ ಎಳೆ ಅಡ್ಡ ಬಂದಿದೆ ಅಥವಾ ಹಾಳೆ ದಪ್ಪ. ಆ ಕಾರ್ಡನ್ನು ಉಳಿಸಲು ಮಡಿಕೆಯ ಮೇಲೆ ಜಾಸ್ತಿ ಇಂಕು ಕಳೆದ ಸ್ಪಂಜಿನಿಂದ ಹಗುರವಾಗಿ ತಟ್ಟಿ, ಮುಂದಿನದಕ್ಕೆ ಎಳೆ ನೋಡಿ ಕತ್ತರಿಸಿ.

ಮುಚ್ಚಿದ ಕಾರ್ಡ್ ತಾನಾಗಿ ಬಾಯಿ ಬಿಡುತ್ತಿದ್ದರೆ ಗೀರು ಸಾಲದು. ಮತ್ತೆ ಚಮಚದಿಂದ ತೀಡಿ ಭಾರದ ಕೆಳಗೆ ಇಡಿ. ಪುಟಗಳು ಬೀಸಣಿಗೆಯಾಗಿ ಓರೆಯಾಗಿದ್ದರೆ ಮೇಲಿನ ಚುಕ್ಕಿ ಮತ್ತು ಕೆಳಗಿನ ಚುಕ್ಕಿ ಒಂದೇ ನೇರದಲ್ಲಿಲ್ಲ ಎಂದರ್ಥ. ಇದು ತಿದ್ದಲು ಬರುವುದಿಲ್ಲ, ಅಚ್ಚು ಒತ್ತುವ ಮುಂಚೆಯೇ ಗೊತ್ತಾದರೆ ಬೇರೆ ಪಟ್ಟಿ ತೆಗೆದುಕೊಳ್ಳಿ.

ಅಚ್ಚು ಅರ್ಧ ಮಾತ್ರ ಮೂಡಿದರೆ ಅದರ ಮೇಲೇ ಮತ್ತೆ ಒತ್ತಬೇಡಿ, ಸರಿಯಾಗಿ ಕೂರುವುದೇ ಇಲ್ಲ. ಒಣಗಲು ಬಿಟ್ಟು ಪೆನ್ನಿನಿಂದ ತುಂಬಿಸಿ. ಬೇಡದ ಕಡೆ ಇಂಕಿನ ಬೆರಳಚ್ಚು ಬಿದ್ದಿದ್ದರೆ ಒರೆಸಬೇಡಿ, ಇನ್ನೂ ಹರಡುತ್ತದೆ. ಅದರ ಮೇಲೆ ಒಂದು ಮರ ಒತ್ತಿಬಿಡಿ.

ಹಂತ 8: ಪಟ್ಟಿ, ಕವರ್, ಅಂಚೆ

ಮುಚ್ಚಿದ ಕಾರ್ಡ್ ಬಿಚ್ಚಿಕೊಳ್ಳದಂತೆ 20 ಮಿ.ಮೀ. ಅಗಲ, 235 ಮಿ.ಮೀ. ಉದ್ದದ ಕಾಗದದ ಪಟ್ಟಿಯನ್ನು ಸುತ್ತಿ, ಹಿಂಬದಿಯಲ್ಲಿ ತುದಿಗೆ ತುದಿ ಅಂಟಿಸಿ. ಅಂಟಿಸುವಾಗ ಪಟ್ಟಿ ಮತ್ತು ಕಾರ್ಡಿನ ನಡುವೆ ಒಂದು ತುಂಡು ಹಾಳೆ ಇರಲಿ, ಇಲ್ಲದಿದ್ದರೆ ಪಟ್ಟಿ ಕಾರ್ಡಿಗೇ ಹಿಡಿಯುತ್ತದೆ. ಸುಲಭವಾಗಿ ಜಾರಿ ಹೊರಬರುವಷ್ಟು ಸಡಿಲ ಬಿಡಿ. ಸೆಣಬಿನ ದಾರ ಕಟ್ಟುವುದು ಕೈಯಾರೆ ಕೊಡುವ ಕಾರ್ಡಿಗೆ ಸರಿ. ಅಂಚೆಯಲ್ಲಿ ಅದರ ಗಂಟು ಕವರನ್ನು ಹರಿಯುತ್ತದೆ.

ಅಳತೆಗೆ ಸರಿಯಾದ ಕವರ್ ಸಿಗದಿದ್ದರೆ 100 ಜಿಎಸ್‌ಎಂನ ಎ4 ಹಾಳೆಯಲ್ಲಿ ಮಾಡಿಕೊಳ್ಳಿ. ಹಾಳೆಯನ್ನು ಉದ್ದಕ್ಕೆ ಇಟ್ಟು, ಬುಡದಿಂದ 112 ಮತ್ತು 227 ಮಿ.ಮೀ.ಗೆ ಅಡ್ಡಗೆರೆ ಎಳೆಯಿರಿ. ಎಡಬಲ ಅಂಚಿನಿಂದ 26 ಮಿ.ಮೀ. ಒಳಗೆ ಉದ್ದಗೆರೆ. ಮಧ್ಯದ ಭಾಗದ ಎರಡು ರೆಕ್ಕೆ ಮಾತ್ರ ಉಳಿಸಿ, ಮೇಲಿನ ಮತ್ತು ಕೆಳಗಿನ ಭಾಗದ ರೆಕ್ಕೆಗಳನ್ನು ಕತ್ತರಿಸಿ ತೆಗೆಯಿರಿ. ಉಳಿದ ರೆಕ್ಕೆ ಒಳಕ್ಕೆ ಮಡಿಸಿ, ಅವುಗಳ ಮೇಲೆ ಅಂಟು ಸವರಿ, ಬುಡದ ಭಾಗವನ್ನು ಮೇಲಕ್ಕೆ ಮಡಿಸಿ ಒತ್ತಿ. ಮೇಲಿನ 70 ಮಿ.ಮೀ. ಮುಚ್ಚಳವಾಗುತ್ತದೆ.

ವಿಳಾಸ ಮತ್ತು ಪಿನ್ ಕೋಡನ್ನು ಕಾರ್ಡ್ ಹಾಕುವ ಮೊದಲೇ ಬರೆಯಿರಿ. ತೂಕದ ಲೆಕ್ಕವೂ ಇರಲಿ. 200 ಜಿಎಸ್‌ಎಂ ಕಾರ್ಡ್ ಸುಮಾರು ಹನ್ನೆರಡೂವರೆ ಗ್ರಾಂ, ಕವರ್ ಐದು ಚಿಲ್ಲರೆ, ಪಟ್ಟಿ ಅರ್ಧ ಗ್ರಾಂ. ಒಟ್ಟು 18 ಗ್ರಾಂ ಆಸುಪಾಸು. ಸಾಧಾರಣ ಅಂಚೆಯಲ್ಲಿ ಮೊದಲ ದರ 20 ಗ್ರಾಂ ತನಕ. 250 ಜಿಎಸ್‌ಎಂ ಹಾಳೆ ಬಳಸಿದರೆ 21 ಗ್ರಾಂ ದಾಟಿ ಅಂಚೆಚೀಟಿ ಜಾಸ್ತಿ ಬೇಕಾಗುತ್ತದೆ, ಕಡಿಮೆ ಹಚ್ಚಿದರೆ ಪಡೆದವರು ಬಾಕಿ ಕಟ್ಟಬೇಕಾಗಿ ಬರಬಹುದು. ಅನುಮಾನ ಇದ್ದರೆ ಡಬ್ಬಿಗೆ ಹಾಕುವ ಬದಲು ಕೌಂಟರಿನಲ್ಲೇ ತೂಗಿಸಿ. ಡಿಸೆಂಬರ್ 15ರೊಳಗೆ ಕೊಟ್ಟುಬಿಡಿ.